ಊರಿನ ಹೈಸ್ಕೂಲು ಊರಿಗೆಲ್ಲಾ ಸೇರಿದಾಗ: ಇಂಪಿಂಗ್ಟನ್ ಕಥೆ

ಇಂಗ್ಲೆಂಡಿನ ಸ್ಕೂಲು ಅಂದ ಕೂಡ್ಲೆ ನಮ್ಮ ಕಡೆ ಜನ ಕೇಳೋದು ಈಟನ್ ಬಗ್ಗೆ, ಇಲ್ಲಾಂದ್ರೆ ನೆಹರೂ ಓದಿದ ಹ್ಯಾರೋ ಬಗ್ಗೆ. ಟೈಲ್‌ಕೋಟು, ಹಾಸ್ಟೆಲ್ಲು, ದೊಡ್ಡ ಕ್ರಿಕೆಟ್ ಮೈದಾನ, ಲಕ್ಷಗಟ್ಟಲೆ ಫೀಸು. ಅವೂ ಇವೆ, ಇಲ್ಲ ಅನ್ನಲ್ಲ. ಆದ್ರೆ ಈ ದೇಶದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮಕ್ಕಳು ಓದೋದು ಫೀಸೇ ಇಲ್ಲದ, ಸರ್ಕಾರದ ದುಡ್ಡಲ್ಲಿ ನಡೆಯೋ ತಮ್ಮೂರಿನ ಸೆಕೆಂಡರಿ ಸ್ಕೂಲಲ್ಲಿ. ಆ ಸ್ಕೂಲುಗಳ ಕಥೆ ಕನ್ನಡದಲ್ಲಿ ಯಾರೂ ಹೇಳಿದ್ದು ನಾನು ನೋಡಿಲ್ಲ. ಅಂಥ ಒಂದು ಸ್ಕೂಲಿನ ಬಗ್ಗೆ, ಅದನ್ನ ಕಟ್ಟಿಸಿದ ಒಬ್ಬ ಹಠವಾದಿ ಅಧಿಕಾರಿ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು.

ಸ್ಕೂಲಿನ ಹೆಸರು ಇಂಪಿಂಗ್ಟನ್ ವಿಲೇಜ್ ಕಾಲೇಜ್. ಕಾಲೇಜ್ ಅಂತ ಹೆಸರಿದ್ರೂ ಇದು 11 ವರ್ಷದ ಮಕ್ಕಳು ಸೇರಿಕೊಳ್ಳೋ ಹೈಸ್ಕೂಲು. ಕೇಂಬ್ರಿಡ್ಜ್ ಊರಿಂದ ಉತ್ತರಕ್ಕೆ ಹೊರಟು ಎ14 ಹೆದ್ದಾರಿ ದಾಟಿದ್ರೆ ಹಿಸ್ಟನ್, ಇಂಪಿಂಗ್ಟನ್ ಅಂತ ಎರಡು ಹಳ್ಳಿ ಸಿಗ್ತವೆ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗತ್ತೆ ಅಂತ ಹೊರಗಿನವರಿಗೆ ಗೊತ್ತೇ ಆಗಲ್ಲ. ಒಂದು ಕಾಲಕ್ಕೆ ಈ ಜಾಗ ಹಣ್ಣಿನ ತೋಟಕ್ಕೆ ಹೆಸರುವಾಸಿ. ಚಿವರ್ಸ್ ಅನ್ನೋ ಮನೆತನದವರು 1873ರಲ್ಲಿ ತಮ್ಮ ತೋಟದ ಹಣ್ಣಿಂದ ಜಾಮ್ ಮಾಡೋಕೆ ಶುರು ಮಾಡಿ, ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಫ್ಯಾಕ್ಟರಿ ಕಟ್ಟಿ, ಆಮೇಲೆ ಜೆಲ್ಲಿ, ಮಾರ್ಮಲೇಡ್ ಅಂತ ಬೆಳೆಸಿ ಇಡೀ ದೇಶಕ್ಕೆ ಕಳಿಸ್ತಿದ್ರು. ಸುತ್ತಮುತ್ತ ಮನೆಯಲ್ಲಿ ಒಬ್ಬರಾದ್ರೂ ಅಲ್ಲಿ ಕೆಲಸಕ್ಕೆ ಹೋಗೋರು ಇರ್ತಿದ್ರು. ಈಗ ಆ ರೈಲು ಹಳಿ ಇಲ್ಲ, ಅದೇ ದಾರಿಯಲ್ಲಿ 2011ರಿಂದ ಬಸ್ಸು ಓಡತ್ತೆ, ಕಾಂಕ್ರೀಟ್ ಹಳಿ ಮೇಲೆ ಸ್ಟೀರಿಂಗ್ ಮುಟ್ಟದೇ ಹೋಗೋ ಗೈಡೆಡ್ ಬಸ್ಸು. ಕೇಂಬ್ರಿಡ್ಜಿನ ಸೈನ್ಸ್ ಪಾರ್ಕಿನ ಕಂಪನಿಗಳಲ್ಲಿ ಕೆಲಸ ಮಾಡೋ ನಮ್ಮ ಕನ್ನಡದವರು ಬಹಳ ಜನ ಆ ಬಸ್ಸಲ್ಲೇ ಓಡಾಡ್ತಾರೆ, ಆದ್ರೆ ಪಕ್ಕದಲ್ಲೇ ಇರೋ ಈ ಸ್ಕೂಲಿನ ವಿಷಯ ಕೇಳಿದ್ರೆ ಗೊತ್ತಿರೋರು ಕಮ್ಮಿ.

ಕಥೆ ಶುರುವಾಗೋದು ಹೆನ್ರಿ ಮೋರಿಸ್ ಅನ್ನೋರಿಂದ. 1889ರಲ್ಲಿ ಹುಟ್ಟಿದ್ದು, ಇಂಗ್ಲೆಂಡಿನ ವಾಯವ್ಯದ ಸಮುದ್ರದ ಕಡೆ ಇರೋ ಸೌತ್‌ಪೋರ್ಟ್ ಅನ್ನೋ ಊರಲ್ಲಿ. ಅಪ್ಪ ಪ್ಲಂಬರ್. 14 ವರ್ಷಕ್ಕೆ ಸ್ಕೂಲು ಬಿಟ್ಟು ಊರಿನ ಪತ್ರಿಕೆ ಆಫೀಸಿಗೆ ಕೆಲಸಕ್ಕೆ ಸೇರಿದ ಹುಡುಗ. ಆಮೇಲೆ ಹೇಗೋ ಮಾಡಿ ವೇಲ್ಸಿನ ಲ್ಯಾಂಪೀಟರ್ ಕಾಲೇಜು, ಅಲ್ಲಿಂದ ಆಕ್ಸ್‌ಫರ್ಡ್, ಮಧ್ಯದಲ್ಲಿ ಮೊದಲ ಮಹಾಯುದ್ಧ, ಯುದ್ಧದಿಂದ ಬಂದ ಮೇಲೆ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಲ್ಲಿ ಫಿಲಾಸಫಿ. 1922ರಲ್ಲಿ ಕೇಂಬ್ರಿಡ್ಜ್‌ಶೈರ್ ಜಿಲ್ಲೆಯ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದ್ರು, 1954ರಲ್ಲಿ ನಿವೃತ್ತರಾಗೋ ತನಕ ಅದೇ ಕುರ್ಚಿಯಲ್ಲಿ ಕೂತ್ರು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಒಬ್ಬ ಡಿಡಿಪಿಐ ಮೂವತ್ತು ವರ್ಷಕ್ಕೂ ಮೇಲೆ ಒಂದೇ ಜಿಲ್ಲೆಯಲ್ಲಿ ಟ್ರಾನ್ಸ್‌ಫರ್ ಇಲ್ಲದೆ ಇದ್ದ ಹಾಗೆ. ಮಾಡಿದ ಕೆಲಸಕ್ಕೆ ಈ ಸ್ಥಿರತೆ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ, ಐದು ವರ್ಷಕ್ಕೊಬ್ಬರು ಬದಲಾಗಿದ್ರೆ ಇದ್ಯಾವುದೂ ಕಾಗದ ಬಿಟ್ಟು ಮೇಲೆ ಏಳ್ತಿರಲಿಲ್ಲ.

ಆಗಿನ ಜಿಲ್ಲೆ ಹೇಗಿತ್ತು ಅಂತ ಗೊತ್ತಾದ್ರೆ ಅವ್ರ ಹಠ ಅರ್ಥ ಆಗತ್ತೆ. ಮಧ್ಯದಲ್ಲಿ ಏಳುನೂರು ವರ್ಷದ ಯೂನಿವರ್ಸಿಟಿ, ಲೈಬ್ರರಿಗಳು, ಸಂಗೀತ, ನ್ಯೂಟನ್ ಓದಿದ ಕಾಲೇಜು. ಅಲ್ಲಿಂದ ಸೈಕಲ್ ತುಳಿದು ಹೊರಗೆ ಬಂದ್ರೆ ಕೂಲಿ ಮಾಡೋ ಹಳ್ಳಿಗಳು. ಯುದ್ಧದ ಟೈಮಲ್ಲಿ ಧಾನ್ಯಕ್ಕೆ ಕೊಟ್ಟಿದ್ದ ಬೆಲೆಯ ಖಾತ್ರಿಯನ್ನ 1921ರಲ್ಲಿ ಸರ್ಕಾರ ವಾಪಸ್ ತಗೊಂಡ ಮೇಲೆ ಬೆಳೆಯ ರೇಟು ಬಿತ್ತು, ಕೂಲಿ ಇಳೀತು, ಹುಡುಗರು ಊರು ಬಿಟ್ರು. ಹಳ್ಳಿ ಸ್ಕೂಲು ಅಂದ್ರೆ ಬಹಳ ಕಡೆ ಚರ್ಚಿಗೆ ಸೇರಿದ ಒಂದೆರಡು ರೂಮು, ಐದು ವರ್ಷದವರಿಂದ 14 ವರ್ಷದವರ ತನಕ ಒಟ್ಟಿಗೆ. ಚುರುಕಾದ ಒಂದಿಬ್ಬರು ಸ್ಕಾಲರ್‌ಶಿಪ್ ತಗೊಂಡು ಪೇಟೆಯ ಗ್ರಾಮರ್ ಸ್ಕೂಲಿಗೆ ಹೋದ್ರೆ ತಿರುಗಿ ಹಳ್ಳಿಗೆ ಬರ್ತಿರಲಿಲ್ಲ, ಉಳಿದವರು 14ಕ್ಕೆ ಸ್ಕೂಲು ಬಿಟ್ಟು ಹೊಲಕ್ಕೋ ಜಾಮ್ ಫ್ಯಾಕ್ಟರಿಗೋ. ನಾವೂ ಹಳ್ಳಿಯಿಂದ ಹೀಗೇ ಹೊರಗೆ ಬಂದವರು ತಾನೆ, ಓದು ಬರೋರನ್ನ ಊರಿಂದ ಸೋಸಿ ತೆಗೆಯೋ ಯಂತ್ರದ ಥರ ಸ್ಕೂಲು ಕೆಲಸ ಮಾಡೋದು ನಮಗೆ ಹೇಳಿಕೊಡಬೇಕಾದ ವಿಷಯ ಅಲ್ಲ. ಮೋರಿಸ್‌ಗೆ ಸಂಕಟ ಆಗಿದ್ದು ಇದಕ್ಕೇ.

1924ರಲ್ಲಿ ಅವ್ರು ಒಂದು ಪುಟ್ಟ ವರದಿ ಬರೆದ್ರು, ಸ್ವಂತ ದುಡ್ಡಲ್ಲಿ ಚೆಂದವಾಗಿ ಅಚ್ಚು ಹಾಕಿಸಿ ಜಿಲ್ಲಾ ಕೌನ್ಸಿಲ್ ಸದಸ್ಯರಿಗೆ ಕೊಟ್ರು. ಜಿಲ್ಲೆಯಲ್ಲಿ ಹತ್ತರ ಆಸುಪಾಸು ದೊಡ್ಡ ಹಳ್ಳಿ ಆರಿಸ್ಕೊಳ್ಳಿ, ಪ್ರತಿಯೊಂದರಲ್ಲೂ ಸುತ್ತಲಿನ ಹಳ್ಳಿಗಳಿಗೆಲ್ಲಾ ಸೇರಿ ಒಂದು ವಿಲೇಜ್ ಕಾಲೇಜ್ ಕಟ್ಟಿ. ಹಗಲು ಮಕ್ಕಳ ಹೈಸ್ಕೂಲು ಅಲ್ಲೇ. ಊರಿನ ಲೈಬ್ರರಿ ಅಲ್ಲೇ, ಸಂಜೆ ದೊಡ್ಡವರ ಕ್ಲಾಸುಗಳು ಅಲ್ಲೇ, ಕೃಷಿ ತರಬೇತಿ, ನಾಟಕ, ಸಂಗೀತ, ಕುಣಿತ, ಆಟದ ಮೈದಾನ, ಹಸುಗೂಸುಗಳ ತೂಕ ನೋಡೋ ಕ್ಲಿನಿಕ್, ಊರ ಸಭೆ ಎಲ್ಲಾ ಅಲ್ಲೇ. ಸ್ಕೂಲ್ ಬಿಡೋದು ಅನ್ನೋ ಮಾತೇ ಇರಬಾರದು, ಮಗು ಮೂರು ವರ್ಷಕ್ಕೆ ಒಳಗೆ ಬಂದ್ರೆ ಹಣ್ಣುಹಣ್ಣು ಮುದುಕ ಆದ ಮೇಲಷ್ಟೇ ಅಲ್ಲಿಂದ ಹೊರಗೆ ಹೋಗಬೇಕು ಅಂತ ಅದರಲ್ಲಿ ಬರೆದಿದ್ದಾರೆ.

ಇದರಲ್ಲಿ ಲೆಕ್ಕಾಚಾರವೂ ಇತ್ತು. ಲೈಬ್ರರಿಗೆ ಒಂದು ಇಲಾಖೆ, ಆರೋಗ್ಯಕ್ಕೆ ಇನ್ನೊಂದು, ಕೃಷಿಗೆ ಮತ್ತೊಂದು ಅಂತ ಚೂರುಚೂರಾಗಿ ಖರ್ಚು ಮಾಡೋ ದುಡ್ಡನ್ನೇ ಒಂದು ಸೂರಿನಡಿ ತಂದ್ರೆ ಯಾವ ಹಳ್ಳಿಗೂ ತಾನಾಗೇ ಕಟ್ಟಿಕೊಳ್ಳೋಕೆ ಆಗದಂಥ ಒಳ್ಳೆ ಸಭಾಂಗಣ, ಒಳ್ಳೆ ಲೈಬ್ರರಿ, ಒಳ್ಳೆ ವರ್ಕ್‌ಶಾಪು ಎಲ್ಲರಿಗೂ ಸಿಗತ್ತೆ. ಬಡ ಜಿಲ್ಲೆಗೆ ಇದು ಉಳಿತಾಯದ ದಾರಿ ಅಂತಲೇ ಕೌನ್ಸಿಲಿಗೆ ಒಪ್ಪಿಸಿದ್ದು. ಬರೀ ಆದರ್ಶ ಹೇಳ್ಕೊಂಡು ಕೂತಿದ್ರೆ ರೈತರೇ ತುಂಬಿದ ಆ ಕೌನ್ಸಿಲ್ ಒಂದು ಇಟ್ಟಿಗೆನೂ ಕೊಡ್ತಿರಲಿಲ್ಲ.

ಚರ್ಚ್ ಸ್ಕೂಲುಗಳ ವಿಷಯ ದೊಡ್ಡ ತೊಡಕಾಗಿತ್ತು. ದೊಡ್ಡ ಮಕ್ಕಳನ್ನ ಕೌನ್ಸಿಲ್ ಸ್ಕೂಲಿಗೆ ಕಳಿಸಬೇಕು ಅಂದ್ರೆ ಅಲ್ಲಿ ಧರ್ಮಪಾಠ ಯಾರ ಪ್ರಕಾರ ಅನ್ನೋ ಜಗಳ. ಆಂಗ್ಲಿಕನ್ ಚರ್ಚಿನವರನ್ನೂ ಬೇರೆ ಪಂಥದವರನ್ನೂ ಒಂದೇ ಟೇಬಲ್ಲಿಗೆ ಕೂರಿಸಿ ಎಲ್ಲರೂ ಒಪ್ಪೋ ಒಂದು ಸಿಲಬಸ್ ಮಾಡಿಸಿದ್ರು, ಅದೂ 1924ರಲ್ಲೇ. ಆಮೇಲೆ ಇಂಗ್ಲೆಂಡಿನ ಬೇರೆ ಎಷ್ಟೋ ಕಡೆ ಅದನ್ನ ತಗೊಂಡ್ರು. ಮೋರಿಸ್ ಬಗ್ಗೆ ಬರೆಯೋರು ಕಟ್ಟಡದ ಬಗ್ಗೇನೇ ಜಾಸ್ತಿ ಬರೀತಾರೆ, ನನಗೆ ಈ ಸಿಲಬಸ್ ಕೆಲಸವೂ ಅಷ್ಟೇ ದೊಡ್ಡದು ಅನ್ಸತ್ತೆ.

ಮೊದಲ ವಿಲೇಜ್ ಕಾಲೇಜು ಸಾಸ್ಟನ್ ಅನ್ನೋ ಹಳ್ಳಿಯಲ್ಲಿ 1930ರಲ್ಲಿ ಶುರುವಾಯ್ತು, ಉದ್ಘಾಟನೆಗೆ ಆಗಿನ ಯುವರಾಜ ಬಂದಿದ್ರು. ಕಾರ್ನೆಗಿ ಟ್ರಸ್ಟಿನಂಥ ಹೊರಗಿನವರ ಹತ್ರ ಹೋಗಿ ದುಡ್ಡು ತಂದ್ರು, ಊರಿನ ಕಾಗದದ ಮಿಲ್ಲಿನ ಸ್ಪೈಸರ್ ಮನೆಯವರೂ ಕೈ ಜೋಡಿಸಿದ್ರು. ಅಂಗಳದಲ್ಲಿ ಒಂದು ಕಾರಂಜಿ ಬೇಕು ಅಂತ ಇಟ್ಟರು ನೋಡಿ, ಕೂಲಿಯವರ ಮಕ್ಕಳ ಸ್ಕೂಲಿಗೆ. ನನಗೆ ಅವ್ರ ಮೇಲೆ ಗೌರವ ಹುಟ್ಟಿದ್ದು ಇಲ್ಲೇ. ಚೆನ್ನಾಗಿರೋದು ಕಾಸಿದ್ದೋರಿಗೆ, ಇಲ್ಲದವರಿಗೆ ಹೇಗೋ ನಡೆಯೋಷ್ಟು ಸಾಕು ಅನ್ನೋ ಮನೋಭಾವ ಅವರಿಗೆ ಆಗ್ತಾನೇ ಇರಲಿಲ್ಲ. ಕಟ್ಟಡವೇ ಅರ್ಧ ಪಾಠ, ಸ್ಕೂಲಿನ ಕಟ್ಟಡ ಕಲಾಕೃತಿ ಆಗಿಲ್ಲದಿದ್ರೆ ಅಷ್ಟರ ಮಟ್ಟಿಗೆ ಶಿಕ್ಷಣ ಸೋತ ಹಾಗೇ ಅಂತ ವಾದ ಮಾಡ್ತಿದ್ರು. 1937ರಲ್ಲಿ ಬಾಟಿಷಮ್, ಲಿಂಟನ್ ಎರಡೂ ಆದ್ವು. ಆಮೇಲೆ ಬಂದಿದ್ದೇ ಇಂಪಿಂಗ್ಟನ್.

ಇಂಪಿಂಗ್ಟನ್ನಿಗೆ ಜಾಗ ಕೊಟ್ಟಿದ್ದು ಚಿವರ್ಸ್ ಮನೆಯವರು. ಕಟ್ಟಡದ ನಕ್ಷೆ ಮಾಡಿದ್ದು ವಾಲ್ಟರ್ ಗ್ರೋಪಿಯಸ್. ಹೌದು, ಬೌಹೌಸ್ ಅನ್ನೋ ಜರ್ಮನಿಯ ಹೆಸರಾಂತ ಕಲೆ-ವಿನ್ಯಾಸದ ಸ್ಕೂಲನ್ನ ಶುರು ಮಾಡಿದ ಅದೇ ಗ್ರೋಪಿಯಸ್. ಹಿಟ್ಲರನ ಜರ್ಮನಿ ಬಿಟ್ಟು 1934ರಲ್ಲಿ ಲಂಡನ್ನಿಗೆ ಬಂದು, ಹ್ಯಾಂಪ್‌ಸ್ಟೆಡ್ಡಿನಲ್ಲಿ ಜ್ಯಾಕ್ ಪ್ರಿಚರ್ಡ್ ಅನ್ನೋರು ಕಟ್ಟಿಸಿದ್ದ ಲಾನ್ ರೋಡ್ ಫ್ಲಾಟಿನಲ್ಲಿ ಇದ್ರು, ಕೈಯಲ್ಲಿ ಕೆಲಸ ಜಾಸ್ತಿ ಇರಲಿಲ್ಲ. ಇಂಗ್ಲಿಷ್ ಆರ್ಕಿಟೆಕ್ಟ್ ಮ್ಯಾಕ್ಸ್‌ವೆಲ್ ಫ್ರೈ ಜೊತೆ ಪಾರ್ಟ್‌ನರ್ ಆಗಿದ್ರು. ಮೋರಿಸ್‌ಗೂ ಇವರಿಗೂ ಪರಿಚಯ ಆಗಿ ಇಬ್ಬರ ಯೋಚನೆ ಕೂಡಿಬಂತು. ಆದ್ರೆ ಜಿಲ್ಲೆಯ ಕೌನ್ಸಿಲ್ ಹೊರಗಿನ ಆರ್ಕಿಟೆಕ್ಟಿಗೆ ಫೀಸು ಕೊಡೋಕೆ ತಯಾರಿಲ್ಲ. ಮೋರಿಸ್, ಪ್ರಿಚರ್ಡ್, ಮತ್ತೆ ಅವರ ಸ್ನೇಹಿತರು ಚಂದಾ ಎತ್ತಿ ಫೀಸಿನ ದುಡ್ಡು ಹೊಂದಿಸಿದ್ರು. ಹಳ್ಳಿ ಸ್ಕೂಲಿನ ನಕ್ಷೆಗೆ ಚಂದಾ! ಕಟ್ಟಡ ಏಳೋಕೆ ಮುಂಚೆನೇ, 1937ರಲ್ಲಿ, ಗ್ರೋಪಿಯಸ್ ಹಾರ್ವರ್ಡಿಗೆ ಹೊರಟು ಹೋದ್ರು. ನಿಂತು ಕಟ್ಟಿಸಿದ್ದು ಫ್ರೈ.

ಈಗ ಆ ಕಟ್ಟಡದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ವಿಷಯ ಇರೋದೇ ಅಲ್ಲಿ. ದೂರದಿಂದ ನೋಡಿದ್ರೆ ದೊಡ್ಡದು ಅನ್ಸಲ್ಲ, ಬಹುಪಾಲು ಒಂದೇ ಅಂತಸ್ತು, ತಿಳಿ ಬಣ್ಣದ ಇಟ್ಟಿಗೆ, ದೊಡ್ಡ ದೊಡ್ಡ ಗಾಜು, ಹಳೇ ಮರಗಳನ್ನ ಕಡಿಯದೆ ಅವುಗಳ ನಡುವೆ ಚಾಚಿಕೊಂಡಿದೆ. ಒಂದು ಕಡೆ ಬೀಸಣಿಗೆ ಆಕಾರದ ಸಭಾಂಗಣ. ಒಂದು ಬದಿಗೆ ಕ್ಲಾಸ್‌ರೂಮುಗಳ ಸಾಲು, ಗೋಡೆಯಗಲ ಕಿಟಕಿ, ಬೇಸಿಗೆಯಲ್ಲಿ ಪೂರ್ತಿ ತೆಗೆದರೆ ರೂಮು ಹುಲ್ಲಿನ ಮೇಲಕ್ಕೇ ತೆರಕೊಳ್ಳತ್ತೆ. ವಿಕ್ಟೋರಿಯಾ ಕಾಲದ ಸ್ಕೂಲುಗಳಲ್ಲಿ ಮಕ್ಕಳ ಗಮನ ಹೊರಗೆ ಹೋಗಬಾರದು ಅಂತ ಕಿಟಕಿಗಳನ್ನ ತಲೆಗಿಂತ ಮೇಲಿಡ್ತಿದ್ರು, ಅಂಥ ಸ್ಕೂಲುಗಳಲ್ಲೇ ಓದಿದ ಅಪ್ಪ ಅಮ್ಮಂದಿರು ಇದನ್ನ ಮೊದಲ ಸಲ ನೋಡಿದಾಗ ಏನನ್ನಿಸಿರಬೇಕು ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೀನಿ.

ಇನ್ನೊಂದು ಬದಿಗೆ ಮೆತ್ತಗೆ ಬಾಗಿದ ಒಂದು ರೆಕ್ಕೆ. ಅದು ದೊಡ್ಡವರಿಗೆ. ಅವರದ್ದೇ ಕೂರೋ ಕೋಣೆ, ಲೈಬ್ರರಿ, ಲೆಕ್ಚರ್ ರೂಮು, ಕಮಿಟಿ ಮೀಟಿಂಗಿಗೆ ರೂಮು, ಬಿಲಿಯರ್ಡ್ಸು, ಟೇಬಲ್ ಟೆನಿಸ್ಸು. ಎರಡು ಕಡೆಯನ್ನೂ ಜೋಡಿಸೋದು ಒಂದು ಅಗಲವಾದ ಓಣಿ, ಅದನ್ನ ಪ್ರಾಮೆನೇಡ್ ಅಂತ ಕರೀತಾರೆ, ಜನ ಅಲ್ಲಿ ಓಡಾಡ್ತಾ ಒಬ್ಬರಿಗೊಬ್ಬರು ಸಿಗಲಿ ಅಂತಲೇ ಮಾಡಿದ್ದು. ಗಮನಿಸಿ, ದೊಡ್ಡವರು ಸಂಜೆ ಬಂದು ಎಂಟನೇ ಕ್ಲಾಸಿನ ಪುಟ್ಟ ಬೆಂಚಲ್ಲಿ ಮೊಣಕಾಲು ಮಡಚಿ ಕೂರೋ ವ್ಯವಸ್ಥೆ ಇದಲ್ಲ. ಅವರಿಗೂ ನಕ್ಷೆಯಲ್ಲೇ ಜಾಗ ಇತ್ತು. ಸ್ಕೂಲನ್ನ ಊರಿಗೆ ಬಾಡಿಗೆಗೆ ಕೊಡೋದು ಒಂದು, ಊರಿಗೂ ಮಕ್ಕಳಿಗೂ ಸೇರಿಸಿ ಒಂದೇ ಸಲ ಕಟ್ಟೋದು ಇನ್ನೊಂದು. ಈ ವ್ಯತ್ಯಾಸ ಸಣ್ಣದಾಗಿ ಕಾಣತ್ತೆ, ನನ್ನ ಪ್ರಕಾರ ಇಡೀ ಕಥೆ ನಿಂತಿರೋದೇ ಇದರ ಮೇಲೆ.

ಇಂಗ್ಲೆಂಡಿನ ಕಟ್ಟಡಗಳನ್ನೆಲ್ಲಾ ಊರೂರು ಸುತ್ತಿ ದಾಖಲು ಮಾಡಿದ ಪೆವ್ಸ್ನರ್ ಅವ್ರು ಇದನ್ನ ಆ ಕಾಲದ ಅತ್ಯುತ್ತಮ ಕಟ್ಟಡಗಳಲ್ಲಿ ಒಂದು ಅಂತ ಹೊಗಳಿದ್ದಾರೆ. ಈಗ ಗ್ರೇಡ್ 1 ರಕ್ಷಿತ ಕಟ್ಟಡ, ಅಂದ್ರೆ ಕಾನೂನಿನ ಪ್ರಕಾರ ದೊಡ್ಡ ದೊಡ್ಡ ಕ್ಯಾಥೆಡ್ರಲ್ಲುಗಳ ಸಾಲಿನಲ್ಲಿ ಕೂತಿದೆ. ಅದರೊಳಗೆ ದಿನಾ ಮಕ್ಕಳು ಬ್ಯಾಗ್ ಎಸೆದು ಊಟಕ್ಕೆ ಓಡ್ತಾರೆ, ಅದೇ ನನಗೆ ಖುಷಿ.

ಶುರುವಾಗಿದ್ದು 1939ರ ಶರತ್ಕಾಲ, ಎರಡನೇ ಮಹಾಯುದ್ಧ ಆಗತಾನೇ ಘೋಷಣೆ ಆಗಿತ್ತು. ಕತ್ತಲಾದ ಮೇಲೆ ಬೆಳಕು ಹೊರಗೆ ಕಾಣಬಾರದು ಅನ್ನೋ ಬ್ಲ್ಯಾಕ್‌ಔಟ್ ನಿಯಮ. ಗೋಡೆಗಿಂತ ಗಾಜೇ ಜಾಸ್ತಿ ಇರೋ ಕಟ್ಟಡಕ್ಕೆ ಅದೆಂಥ ಕಷ್ಟ ಆಗಿರತ್ತೆ ಊಹೆ ಮಾಡಿ. ಲಂಡನ್ನಿನಿಂದ ಬಾಂಬಿಗೆ ಹೆದರಿ ಕಳಿಸಿದ ಮಕ್ಕಳು ಕೇಂಬ್ರಿಡ್ಜ್ ಸುತ್ತಿನ ಹಳ್ಳಿಗಳಿಗೆ ಬಂದಿಳೀತಿದ್ರು.

ಒಂದು ಮೂರ್ತಿಯ ಕಥೆ ಹೇಳಲೇಬೇಕು. ಕಾಲೇಜಿನ ಮುಂದೆ ಇಡೋಕೆ ಬ್ರಿಟನ್ನಿನ ಹೆಸರಾಂತ ಶಿಲ್ಪಿ ಹೆನ್ರಿ ಮೂರ್ ಕೈಯಲ್ಲಿ ಒಂದು ಶಿಲ್ಪ ಮಾಡಿಸಬೇಕು ಅಂತ ಮೋರಿಸ್ ಆಸೆ. ಮೂರ್ ಆ ಜಾಗದ ಬಗ್ಗೆ, ಮೋರಿಸ್ ಹೇಳ್ತಿದ್ದ ವಿಚಾರದ ಬಗ್ಗೆ ಯೋಚನೆ ಮಾಡಿ, ಇಡೀ ಮನೆಮಂದಿ ಒಟ್ಟಿಗೆ ಬರೋ ಸ್ಕೂಲು ತಾನೆ ಅಂತ, ಅಪ್ಪ ಅಮ್ಮ ಮಗು ಒಟ್ಟಿಗೆ ಕೂತಿರೋ ಒಂದು ಕಲ್ಪನೆ ಇಟ್ಕೊಂಡು ಪುಟ್ಟ ಪುಟ್ಟ ಮಾದರಿಗಳನ್ನ ಮಾಡಿದ್ರು. ದುಡ್ಡು ಹೊಂದಲಿಲ್ಲ. ಯುದ್ಧ ಮುಗಿದ ಮೇಲೆ ಪಕ್ಕದ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯವರು ಸ್ಟೀವನೇಜ್ ಊರಿನ ಬಾರ್ಕ್ಲೇ ಸ್ಕೂಲಿಗೆ ಆ ಶಿಲ್ಪ ಮಾಡಿಸ್ಕೊಂಡ್ರು. ಇವತ್ತು ಪ್ರಪಂಚದ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಮೂರ್ ಅವ್ರ ಫ್ಯಾಮಿಲಿ ಗ್ರೂಪ್ ನೋಡೋರಿಗೆ ಅದರ ಬೀಜ ಒಂದು ಹಳ್ಳಿ ಹೈಸ್ಕೂಲಿಗೋಸ್ಕರ ಬಿತ್ತಿದ್ದು ಅಂತ ಗೊತ್ತಿರಲ್ಲ. ಇಂಪಿಂಗ್ಟನ್ನಿಗೆ ಅದು ಸಿಗಬೇಕಿತ್ತು. ಇಷ್ಟು ವರ್ಷದ ಮೇಲೂ ಇದನ್ನ ಬರೆಯೋವಾಗ ನನಗೆ ಬೇಜಾರಾಗತ್ತೆ.

ಆದ್ರೆ ಮೋರಿಸ್ ಕಲೆ ವಿಷಯ ಅಲ್ಲಿಗೇ ಬಿಡಲಿಲ್ಲ. 1944ರಲ್ಲಿ ನಾನ್ ಯಂಗ್‌ಮನ್ ಅನ್ನೋ ಚಿತ್ರಕಲಾವಿದೆಯನ್ನ ಜಿಲ್ಲೆಯ ಕಲಾ ಸಲಹೆಗಾರರಾಗಿ ತಗೊಂಡ್ರು. ಆಕೆ 1947ರಿಂದ ಪಿಕ್ಚರ್ಸ್ ಫಾರ್ ಸ್ಕೂಲ್ಸ್ ಅಂತ ಪ್ರದರ್ಶನ ಶುರು ಮಾಡಿ, ಬದುಕಿರೋ ಕಲಾವಿದರ ನಿಜವಾದ ಚಿತ್ರಗಳನ್ನ ಸ್ಕೂಲುಗಳು ಕಮ್ಮಿ ದರಕ್ಕೆ ಕೊಂಡುಕೊಳ್ಳೋ ದಾರಿ ಮಾಡಿಕೊಟ್ರು. ಪ್ರಿಂಟ್ ಕ್ಯಾಲೆಂಡರ್ ಅಲ್ಲ, ಒಬ್ಬರು ಕೂತು ಬಣ್ಣ ಹಚ್ಚಿದ ಚಿತ್ರ, ಕ್ಲಾಸಿನ ಓಣಿಯಲ್ಲಿ.

ಯುದ್ಧ ಮುಗಿದ ಮೇಲೆ ಎಲ್ಲಾ ಚೆನ್ನಾಗೇ ಆಯ್ತು ಅಂದ್ಕೋಬೇಡಿ. 1944ರ ಶಿಕ್ಷಣ ಕಾಯ್ದೆ ಎಲ್ಲರಿಗೂ ಫ್ರೀ ಸೆಕೆಂಡರಿ ಶಿಕ್ಷಣ ಕೊಡ್ತು, ಅದು ದೊಡ್ಡ ವಿಷಯ. ಜೊತೆಗೆ 11ನೇ ವಯಸ್ಸಿಗೆ ಒಂದು ಪರೀಕ್ಷೆ ಬಂತು. ಪಾಸಾದವರು ಕೇಂಬ್ರಿಡ್ಜ್ ಪೇಟೆಯ ಗ್ರಾಮರ್ ಸ್ಕೂಲಿಗೆ, ಉಳಿದವರು ವಿಲೇಜ್ ಕಾಲೇಜಿಗೆ. ಅಂದ್ರೆ ಯಾವ ಸೋಸೋ ಕೆಲಸದ ವಿರುದ್ಧ ಮೋರಿಸ್ ಇದನ್ನ ಕಟ್ಟಿದ್ರೋ ಅದೇ ಇನ್ನೂ ಗಟ್ಟಿಯಾಗಿ ವಾಪಸ್ ಬಂತು. ಒಂದೇ ಬೀದಿಯ ಇಬ್ಬರು ಗೆಳೆಯರಲ್ಲಿ ಒಬ್ಬ ಬಸ್ ಹತ್ತಿ ಪೇಟೆಗೆ, ಇನ್ನೊಬ್ಬ ಊರಲ್ಲೇ. ಹನ್ನೊಂದು ವರ್ಷಕ್ಕೆ ನೀನು ಫೇಲು ಅಂತ ಹೇಳಿಸ್ಕೊಂಡ ನೋವನ್ನ ಎಪ್ಪತ್ತು ದಾಟಿದ ಇಲ್ಲಿನ ಹಿರಿಯರು ಇವತ್ತಿಗೂ ಮರೆತಿಲ್ಲ, ಮಾತಿಗೆ ಸಿಕ್ಕಿದಾಗ ತಾವಾಗೇ ಹೇಳ್ತಾರೆ. 1970ರ ದಶಕದಲ್ಲಿ ಆ ಪರೀಕ್ಷೆ ಹೋಗಿ, ವಿಲೇಜ್ ಕಾಲೇಜುಗಳು ಊರಿನ ಎಲ್ಲಾ ಮಕ್ಕಳಿಗೂ ಸೇರಿದ ಕಾಂಪ್ರಿಹೆನ್ಸಿವ್ ಸ್ಕೂಲುಗಳಾದ್ವು. ಪೇಟೆಯ ಗ್ರಾಮರ್ ಸ್ಕೂಲುಗಳಲ್ಲಿ ಎರಡು ಹಿಲ್ಸ್ ರೋಡ್, ಲಾಂಗ್ ರೋಡ್ ಅಂತ 16 ದಾಟಿದವರ ಕಾಲೇಜುಗಳಾದ್ವು, ನಮ್ಮ ಪಿಯುಸಿ ಥರ. ಆಗ ತಾನೇ 1924ರ ವರದಿಯ ಅರ್ಥ ಪೂರ್ತಿ ಆಗಿದ್ದು ಅಂತ ನಾನು ತಿಳ್ಕೊಂಡಿದ್ದೀನಿ, ಅಷ್ಟೊತ್ತಿಗೆ ಮೋರಿಸ್ ಇರಲಿಲ್ಲ, 1961ರಲ್ಲಿ ತೀರಿಕೊಂಡಿದ್ರು.

ಈ ಸ್ಕೂಲುಗಳಲ್ಲಿ ಮುಖ್ಯಸ್ಥರನ್ನ ಹೆಡ್‌ಮಾಸ್ಟರ್ ಅಂತ ಕರೀತಿರಲಿಲ್ಲ, ವಾರ್ಡನ್ ಅಂತಿದ್ರು, ಯಾಕಂದ್ರೆ ಮಕ್ಕಳ ಜೊತೆಗೆ ಸಂಜೆಯ ಊರೂ ಅವರ ಜವಾಬ್ದಾರಿ. ಅವರ ಕೆಲಸ ಮೂರೂವರೆಗೆ ಬೆಲ್ ಹೊಡೆದಾಗ ಮುಗೀತಿರಲಿಲ್ಲ. ಸಂಜೆ ಆರೂವರೆಗೆ ಜೇನುಸಾಕಣೆ ಕ್ಲಾಸು, ಪಕ್ಕದ ರೂಮಲ್ಲಿ ಫ್ರೆಂಚು, ಹಾಲಲ್ಲಿ ನಾಟಕದ ರಿಹರ್ಸಲ್, ಇಂಥ ವೇಳಾಪಟ್ಟಿಗಳು ವಿಲೇಜ್ ಕಾಲೇಜುಗಳಲ್ಲಿ ದಶಕಗಟ್ಟಲೆ ನಡೆದ್ವು. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಇಂಥದೇ ಒಂದು ಕಾಲೇಜಿನಲ್ಲಿ ಸಂಜೆಯ ಮರಗೆಲಸದ ಕ್ಲಾಸಿಗೆ ಸೇರಿದ್ದೆ. ಕತ್ತಲು ನಾಲ್ಕು ಗಂಟೆಗೇ ಆಗೋ ಚಳಿಗಾಲ, ಊರಲ್ಲಿ ಯಾರ ಪರಿಚಯನೂ ಇಲ್ಲ. ಬೆಂಚಿನ ಮೇಲೆ ಹಗಲಲ್ಲಿ ಮಕ್ಕಳು ಅರ್ಧ ಮಾಡಿಟ್ಟ ಪೆನ್‌ಸ್ಟ್ಯಾಂಡುಗಳು, ಅವುಗಳನ್ನ ಹುಷಾರಾಗಿ ಪಕ್ಕಕ್ಕೆ ಸರಿಸಿ ನಾವು ಶುರು ಮಾಡ್ತಿದ್ವಿ. ನನ್ನ ಜೊತೆ ರಿಟೈರ್ ಆದ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್, ಒಬ್ಬ ನರ್ಸು, ಯೂನಿವರ್ಸಿಟಿಯ ಒಬ್ಬ ಪ್ರೊಫೆಸರು. ಪ್ರೊಫೆಸರಿಗೆ ಉಳಿ ಹಿಡಿಯೋದು ಹೇಳಿಕೊಟ್ಟಿದ್ದು ಮೆಕ್ಯಾನಿಕ್ಕು. ಈ ದೇಶದಲ್ಲಿ ನನಗೆ ಮೊದಲ ಸ್ನೇಹಿತರು ಸಿಕ್ಕಿದ್ದು ಆಫೀಸಲ್ಲಲ್ಲ, ಆ ವರ್ಕ್‌ಶಾಪಲ್ಲಿ.

ಈ ವಿಚಾರ ಕೇಂಬ್ರಿಡ್ಜ್‌ಶೈರಲ್ಲೇ ಉಳೀಲಿಲ್ಲ. ಲೆಸ್ಟರ್‌ಶೈರಲ್ಲಿ ಸ್ಟೀವರ್ಟ್ ಮೇಸನ್ ಅನ್ನೋ ಶಿಕ್ಷಣಾಧಿಕಾರಿ ಇದೇ ದಾರಿಯಲ್ಲಿ ಕಮ್ಯುನಿಟಿ ಕಾಲೇಜುಗಳನ್ನ ಕಟ್ಟಿಸಿದ್ರು. ನಮ್ಮ ದೇಶಕ್ಕೂ ಒಂದು ಕೊಂಡಿ ಇದೆ. ಇಂಪಿಂಗ್ಟನ್ ಕಟ್ಟಿಸಿದ ಮ್ಯಾಕ್ಸ್‌ವೆಲ್ ಫ್ರೈ ಮತ್ತೆ ಅವರ ಹೆಂಡತಿ ಜೇನ್ ಡ್ರೂ 1951ರಲ್ಲಿ ಚಂಡೀಗಢಕ್ಕೆ ಬಂದು ಮೂರು ವರ್ಷ ಕೆಲಸ ಮಾಡಿದ್ರು. ಚಂಡೀಗಢ ಅಂದ್ರೆ ಎಲ್ಲರೂ ಲೆ ಕಾರ್ಬೂಸಿಯೆ ಹೆಸರು ಹೇಳ್ತಾರೆ, ಹೈಕೋರ್ಟು, ಅಸೆಂಬ್ಲಿ ಫೋಟೋ ಹಾಕ್ತಾರೆ, ಜನ ದಿನಾ ಬಾಳೋ ಸೆಕ್ಟರುಗಳಲ್ಲಿ ಮನೆ, ಸ್ಕೂಲು, ಆಸ್ಪತ್ರೆ ನಕ್ಷೆ ಮಾಡಿದ್ದು ಬಹುಪಾಲು ಫ್ರೈ, ಡ್ರೂ, ಪಿಯರ್ ಜಾನರೆ ಈ ಮೂರು ಜನ, ಜೊತೆಗೆ ಭಾರತೀಯ ಆರ್ಕಿಟೆಕ್ಟುಗಳು. ಸೆಕ್ಟರ್ ಒಳಗೇ ಮಕ್ಕಳು ನಡ್ಕೊಂಡು ಹೋಗೋ ದೂರದಲ್ಲಿ ಸ್ಕೂಲು ಇಡೋದು ಆ ಪ್ಲಾನಿನ ಭಾಗ. ಜಾಮ್ ಫ್ಯಾಕ್ಟರಿ ಹಳ್ಳಿಯಲ್ಲಿ ಫ್ರೈ ಕಲಿತಿದ್ದು ಅಲ್ಲಿಗೆ ಎಷ್ಟು ಬಂತು ಅಂತ ಅಳತೆ ಮಾಡಿ ಹೇಳೋಕಾಗಲ್ಲ, ಆದ್ರೆ ಎರಡೂ ಕಡೆ ಅದೇ ಕೈ.

ಈಗಿನ ಸ್ಥಿತಿ ಹೇಳ್ಬೇಕಲ್ವಾ. ಇಂಪಿಂಗ್ಟನ್ ಇನ್ನೂ ಚೆನ್ನಾಗಿ ನಡೀತಿದೆ, ಹಿಸ್ಟನ್, ಗರ್ಟನ್, ಮಿಲ್ಟನ್ ಕಡೆಯ ಮಕ್ಕಳು ಬರ್ತಾರೆ, 16ರ ನಂತರದ ಕ್ಲಾಸುಗಳಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯಾ ಓದಬಹುದು, ಬೇರೆ ದೇಶದಿಂದಲೂ ವಿದ್ಯಾರ್ಥಿಗಳು ಬರ್ತಾರೆ. ಈಜುಕೊಳ, ಜಿಮ್ ಊರಿನವರೂ ಬಳಸ್ತಾರೆ. ಆದ್ರೆ ಇಡೀ ದೇಶದಲ್ಲಿ ಆಗಿರೋ ಬದಲಾವಣೆ ಇಲ್ಲಿಗೂ ತಟ್ಟಿದೆ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಸ್ಕೂಲಿನಲ್ಲಿ ಒಬ್ಬ ನುಗ್ಗಿ 16 ಪುಟ್ಟ ಮಕ್ಕಳನ್ನೂ ಅವರ ಟೀಚರನ್ನೂ ಕೊಂದ ಮೇಲೆ ಬ್ರಿಟನ್ನಿನ ಎಲ್ಲಾ ಸ್ಕೂಲುಗಳಿಗೂ ಬೇಲಿ, ಗೇಟು, ಬ್ಯಾಡ್ಜು ಬಂತು. ಬರಲೇಬೇಕಿತ್ತು, ಮಕ್ಕಳ ಜೀವದ ಮುಂದೆ ಬೇರೆ ಮಾತಿಲ್ಲ. ಹಗಲು ಹೊತ್ತಲ್ಲಿ ಊರಿನವರು ಲೈಬ್ರರಿಗೆ ಸುಮ್ಮನೆ ನಡ್ಕೊಂಡು ಬರೋದು ಅನ್ನೋ ಮೋರಿಸ್ ಕನಸಿಗೆ ಮಾತ್ರ ಜಾಗ ಕಮ್ಮಿಯಾಯ್ತು.

ಬೇಲಿಗಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ದುಡ್ಡು ಅಂತ ನಾನು ಹೇಳ್ತೀನಿ. ವಯಸ್ಕರ ಶಿಕ್ಷಣಕ್ಕೆ ಸರ್ಕಾರ ಕೊಡೋ ಹಣ 2010ರ ಆಚೀಚೆಯಿಂದ ಬಹಳ ಇಳೀತು, ಉಳಿದಿದ್ದು ಕೆಲಸಕ್ಕೆ ಬರೋ ಸರ್ಟಿಫಿಕೇಟ್ ಕೋರ್ಸುಗಳಿಗೆ ಹೋಯ್ತು, ಸಂಜೆ ಕ್ಲಾಸಿನ ಫೀಸು ಏರ್ತು, ಮೆಕ್ಯಾನಿಕ್ಕಿನಂಥವರು ಮೊದಲು ಬಿಟ್ರು. ಅದೇ ಹೊತ್ತಿಗೆ ಸ್ಕೂಲುಗಳೆಲ್ಲಾ ಒಂದೊಂದಾಗಿ ಜಿಲ್ಲಾ ಕೌನ್ಸಿಲ್ ಕೈಯಿಂದ, ಸರ್ಕಾರದ ದುಡ್ಡು ನೇರವಾಗಿ ಪಡೆದು ಸ್ಕೂಲು ನಡೆಸೋ ಅಕಾಡೆಮಿ ಟ್ರಸ್ಟುಗಳ ಕೈಗೆ ಹೋದ್ವು. ಟ್ರಸ್ಟು ಅಂದ ಕೂಡ್ಲೆ ಕೆಟ್ಟದು ಅಂತ ನಾನು ಹೇಳಲ್ಲ, ಇಂಪಿಂಗ್ಟನ್ನಿನ ಟ್ರಸ್ಟು ಮೋರಿಸ್ ಹೆಸರನ್ನೇ ಇಟ್ಟುಕೊಂಡು ಶುರುವಾಗಿದ್ದು. ಆದ್ರೆ ಲೈಬ್ರರಿ, ಕ್ಲಿನಿಕ್ಕು, ಸ್ಕೂಲು, ಸಂಜೆ ಕ್ಲಾಸು ಎಲ್ಲದರ ಬಜೆಟ್ಟೂ ಒಂದೇ ಕೌನ್ಸಿಲಿನ ಟೇಬಲ್ ಮೇಲಿತ್ತು ಅನ್ನೋ ಕಾರಣಕ್ಕೇ ತಾನೆ ಮೋರಿಸ್ ಇದನ್ನ ಮಾಡೋಕಾಗಿದ್ದು. ಇವತ್ತು ಆ ಟೇಬಲ್ಲೇ ಇಲ್ಲ. ಸಂಜೆ ಆರಾದ ಮೇಲೆ ಹೀಟಿಂಗು, ಲೈಟು, ಬೀಗ ಹಾಕೋಕೆ ಕೇರ್‌ಟೇಕರ್, ಇವುಗಳ ಖರ್ಚು ಯಾರದ್ದು ಅಂತ ಕೇಳಿದ್ರೆ ಒಬ್ಬರು ಇನ್ನೊಬ್ಬರ ಕಡೆ ನೋಡ್ತಾರೆ.

ನಾವು ಕನ್ನಡದವರು ಈ ಪ್ರಶ್ನೆಯನ್ನ ವರ್ಷಕ್ಕೆ ಎರಡು ಸಲ ಎದುರಿಸ್ತೀವಿ. ಯುಗಾದಿಗೆ, ದೀಪಾವಳಿಗೆ ಕಾರ್ಯಕ್ರಮ ಮಾಡೋಕೆ ಸಭಾಂಗಣ ಹುಡುಕೋದು ಸ್ಕೂಲುಗಳಲ್ಲೇ. ಸ್ಟೇಜು ಇರತ್ತೆ, ಕಾರು ನಿಲ್ಲಿಸೋಕೆ ಜಾಗ ಇರತ್ತೆ, ಅಡುಗೆ ಮನೆ ಕೊಡ್ತಾರೋ ಇಲ್ವೋ, ಬಿಸಿಬೇಳೆಬಾತ್ ಬಿಸಿ ಮಾಡೋಕೆ ಬಿಡ್ತಾರಾ, ರಾತ್ರಿ ಹತ್ತಕ್ಕೆ ಖಾಲಿ ಮಾಡಬೇಕಾ ಅಂತ ಚೌಕಾಸಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಿ, ಕೆಲಸ ಮುಗಿಸಿ, ಕುರ್ಚಿ ಜೋಡಿಸಿಟ್ಟು ಬರ್ತೀವಿ. ಆ ಸ್ಕೂಲಿಗೂ ನಮಗೂ ಸಂಬಂಧ ಅಷ್ಟೇ. ಎಷ್ಟೋ ಜನ ತಮ್ಮ ಮಕ್ಕಳೇ ಅಲ್ಲಿ ಓದ್ತಿದ್ರೂ ಹಾಲಿಗೆ ಬಂದಾಗ ಅತಿಥಿಗಳ ಥರನೇ ನಡ್ಕೊಳ್ಳೋದು. ಬಾಗಿದ ರೆಕ್ಕೆಯಲ್ಲಿ ಊರಿನವರಿಗೆ ಅಂತಲೇ ಕೂರೋ ಕೋಣೆ ಮಾಡಿದ್ದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಇಂಥ ಒಂದು ದೀಪಾವಳಿಯ ರಾತ್ರಿ, ಕೇರ್‌ಟೇಕರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ಕಾಯ್ತಾ ನಿಂತಿದ್ದಾಗ.

ಅದೇ ಗೈಡೆಡ್ ಬಸ್ ದಾರಿಯಲ್ಲಿ ಇಂಪಿಂಗ್ಟನ್ ದಾಟಿ ಮುಂದೆ ಹೋದ್ರೆ ನಾರ್ತ್‌ಸ್ಟೋ ಅನ್ನೋ ಹೊಸ ಊರು ಕಟ್ತಿದ್ದಾರೆ, ಮುಗಿದಾಗ 10,000 ಮನೆ ಅಂತ ಪ್ಲಾನು. ಜನ ಬಂದು ಸೇರೋಕೆ ಶುರುವಾಗಿದ್ದು 2017ರಲ್ಲಿ. ಸ್ಕೂಲುಗಳು ಬೇಗ ಬಂದ್ವು, ಹೊಸವು, ಚೆನ್ನಾಗಿವೆ. ಅಂಗಡಿ, ಕೆಫೆ, ಜನ ಸೇರೋಕೆ ಒಂದು ಜಾಗ, ಡಾಕ್ಟರ ಕ್ಲಿನಿಕ್ಕು ಇದ್ಯಾವುದೂ ವರ್ಷಗಟ್ಟಲೆ ಬರಲಿಲ್ಲ ಅಂತ ಅಲ್ಲಿನವರು ಗೋಳಾಡಿದ್ದು ಪೇಪರಲ್ಲೆಲ್ಲಾ ಬಂತು. 1924ರ ವರದಿಯಲ್ಲಿ ಒಂದೇ ಸೂರಿನಡಿ ಇದ್ದ ವಸ್ತುಗಳ ಪಟ್ಟಿಯನ್ನೇ ಇವರು ಬಿಡಿಬಿಡಿಯಾಗಿ, ಒಂದಾದ ಮೇಲೊಂದು ಕಾಯ್ತಿದ್ದಾರೆ, ಇಂಪಿಂಗ್ಟನ್ನಿಂದ ಕೆಲವೇ ಮೈಲಿ ದೂರದಲ್ಲಿ.

ಅಲ್ಲಿ ನಮ್ಮವರೂ ಬಹಳ ಜನ ಮನೆ ತಗೋತಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಟೌನ್ ಕೌನ್ಸಿಲ್ ಮೀಟಿಂಗಿಗೆ ಯಾರು ಬೇಕಾದ್ರೂ ಹೋಗಿ ಕೂರಬಹುದು, ಮಾತಾಡೋಕೂ ಟೈಮ್ ಕೊಡ್ತಾರೆ. ಸ್ಕೂಲಿನ ಗವರ್ನರ್, ಅಂದ್ರೆ ಆಡಳಿತ ಮಂಡಳಿ ಸದಸ್ಯ, ಆಗೋಕೆ ಅಪ್ಪ ಅಮ್ಮಂದಿರಿಗೂ ಊರಿನವರಿಗೂ ಅವಕಾಶ ಇದೆ, ಬಹಳ ಕಡೆ ಸೀಟು ಖಾಲಿನೇ ಇರ್ತವೆ. ಸಂಜೆ ಆರರಿಂದ ಒಂಬತ್ತರ ತನಕ ಆ ವರ್ಕ್‌ಶಾಪು, ಆ ಲೈಬ್ರರಿ, ಆ ಮ್ಯೂಸಿಕ್ ರೂಮು ಯಾಕೆ ಕತ್ತಲಲ್ಲಿದೆ, ಕೇರ್‌ಟೇಕರ್ ಸಂಬಳಕ್ಕೆ ಎಷ್ಟು ಬೇಕು, ಅದನ್ನ ಕೌನ್ಸಿಲು, ಟ್ರಸ್ಟು, ಮನೆ ಕಟ್ಟೋ ಕಂಪನಿ ಮೂರೂ ಸೇರಿ ಹಂಚ್ಕೊಳ್ಳೋಕೆ ಆಗತ್ತಾ ಅಂತ ಕೇಳಿ. ಮೋರಿಸ್ ಕೌನ್ಸಿಲಿನಲ್ಲಿ ಮೂವತ್ತು ವರ್ಷ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.